ಗಡ್ಡೆ ಹೋಯಿತು, ಗ್ರಂಥಿ ಉಳಿಯಿತು

ಫೆಬ್ರವರಿ 3

ಭಾವಮೈದುನ ಗಾಳಿರಾಯನಿಗೆ,

ನೀನು ಬೆಟ್ಟದ ಮೇಲಿನ ಹವಾಮಾನ ಕೇಂದ್ರಕ್ಕೆ ಹೋಗಿ ಎಂಟು ತಿಂಗಳಾಯಿತು. ಗಾಳಿ ಎಷ್ಟು, ಚಳಿ ಎಷ್ಟು ಎಂದು ಸರ್ಕಾರಕ್ಕೆ ಮೂರು ಗಂಟೆಗೊಮ್ಮೆ ವರದಿ ಒಪ್ಪಿಸುತ್ತೀಯಂತೆ. ನಮಗೆ ಮಾತ್ರ ತಿಂಗಳಿಗೆ ಒಂದು ಕಾಗದ. "ಅಲ್ಲಿ ಫೋನ್ ಸಿಗಲ್ಲ, ಹದಿನೈದು ದಿನಕ್ಕೊಂದು ಸಾಮಾನಿನ ಜೀಪು, ಅದು ಹೋದಾಗ್ಲೇ ಅಂಚೆನೂ ಹೋಗೋದು, ಅವನೇನು ಮಾಡ್ತಾನೆ ಪಾಪ" ಎಂದು ನಿಮ್ಮಕ್ಕ ನಿನ್ನ ಪರವಾಗಿ ವಕಾಲತ್ತು ವಹಿಸುತ್ತಾಳೆ.

ನಾನು ಬರೆಯಬೇಕಾಗಿರುವುದು ಅವಳ ವಿಷಯವೇ. ನಮ್ಮ ಬೈಂಡಿಂಗ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳು ಹೊಲಿಯುತ್ತಾಳೆ, ನಾನು ಕತ್ತರಿಸಿ ಅಂಟು ಹಾಕುತ್ತೇನೆ. ಕಣ್ಣು ಮುಚ್ಚಿ ಹೊಲಿಯುವ ಕೈ ಅವಳದು. ಅಂಥವಳು ಹೋದ ವಾರ ಒಂದು ಪುಸ್ತಕವನ್ನು ತಲೆಕೆಳಗು ಮಾಡಿ ಹೊಲಿದಳು. ಕೇಳಿದ್ದಕ್ಕೆ, "ನನಗೆ ಕಲಿಸೋಕೆ ಬರ್ಬೇಡಿ, ನೀವು ಹುಟ್ಟೋಕ್ ಮುಂಚೆ ಸೂಜಿ ಹಿಡಿದವಳು ನಾನು" ಎಂದು ಸಿಡುಕಿದಳು. ನಾನು ಅವಳಿಗಿಂತ ಆರು ವರ್ಷ ದೊಡ್ಡವನು.

ಬೆಳಗ್ಗೆ ತಿಂಡಿಗೆ ಮೊದಲು ಮೈಯೆಲ್ಲ ಬೆವರುತ್ತದೆ. ಕೈ ನಡುಗುತ್ತದೆ, ಮಾತು ಕುಡಿದವರ ಹಾಗೆ ತೊದಲುತ್ತದೆ. ನಾಲ್ಕು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಹತ್ತು ನಿಮಿಷದಲ್ಲಿ ಮತ್ತೆ ಮೊದಲಿನಂತೆ. ಹಾಗೆ ತಿಂದು ತಿಂದು ಮೈಯೂ ಬಂದಿದೆ. ಮೂಲೆಯ ಲ್ಯಾಬಿನವನು ರಕ್ತ ಪರೀಕ್ಷೆ ಮಾಡಿ, "ಸಕ್ಕರೆ ಸ್ವಲ್ಪ ಕಮ್ಮಿನೇ ಇದೆ, ಕಮ್ಮಿ ಇದ್ರೆ ಒಳ್ಳೇದೇ ಬಿಡಿ" ಎಂದ. ನಿಮ್ಮಪ್ಪನ ಸಕ್ಕರೆ ಕಾಯಿಲೆಯನ್ನು ಹತ್ತಿರದಿಂದ ನೋಡಿದವನು ನೀನು. ಏನು ಮಾಡಲಿ ಎಂದು ಬರಿ.

ನಿನ್ನ ಭಾವ

ತಮ್ಮಾ, ಇವರ ಮಾತು ನಂಬಬೇಡ. ಪುಸ್ತಕ ತಲೆಕೆಳಗಾಗಿದ್ದು ನಿಜ. ಆದರೆ ಅದು ಗಣಿತದ ಪುಸ್ತಕ, ಹೇಗೆ ಹಿಡಿದರೂ ಅರ್ಥವಾಗುವುದಿಲ್ಲ. ಕಿವಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಹೋಗು. — ಅಕ್ಕ

ಫೆಬ್ರವರಿ 18

ಅಂಟಿನ ಭಾವನವರಿಗೆ ನಮಸ್ಕಾರ.

ಅಕ್ಕನ ಎರಡು ಸಾಲು ಓದಿ ನಕ್ಕೆ. ನಿಮ್ಮದನ್ನು ಇನ್ನೊಮ್ಮೆ ಓದಿದಾಗ ನಗು ನಿಂತುಹೋಯಿತು.

ಇದು ಅಪ್ಪನ ಕಾಯಿಲೆಯೇ, ನನಗೆ ಅನುಮಾನವಿಲ್ಲ. ಅಪ್ಪನಿಗೂ ಹೀಗೇ ಬೆವರು, ಹೀಗೇ ನಡುಕ, ಹೀಗೇ ಸಿಹಿಯ ಚಪಲ. ಲ್ಯಾಬಿನವನ ಮಾತು ಕಟ್ಟಿಕೊಂಡು ಏನಾಗಬೇಕು? ಅಪ್ಪನಿಗೂ ಒಂದು ದಿನ ಇಳಿದಿರುತ್ತಿತ್ತು, ಒಂದು ದಿನ ಏರಿರುತ್ತಿತ್ತು.

ಇದುವರೆಗೆ ಯಾರಿಗೂ ಹೇಳದ ಒಂದು ಮಾತು ಹೇಳುತ್ತೇನೆ. ಡಾಕ್ಟರು ಬೇಡ ಎಂದ ಮೇಲೂ ಅಪ್ಪನಿಗೆ ಸಿಹಿ ತಂದುಕೊಡುತ್ತಿದ್ದವನು ನಾನು. "ಒಂದೇ ಒಂದು ಕಣೋ" ಎಂದು ಕೈ ಹಿಡಿದರೆ ಕರಗಿಬಿಡುತ್ತಿದ್ದೆ. ಮೊದಲು ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ಕೆಳಗೆ, ಆಮೇಲೆ ಅಪ್ಪ.

ಅದಕ್ಕೇ ಹೇಳುತ್ತಿದ್ದೇನೆ, ಸಕ್ಕರೆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಗಂಟೆ ನಡೆಸಿ. ರಾತ್ರಿ ಊಟ ಅರ್ಧ ಮಾಡಿ. ಅಳುತ್ತಾಳೆ, ಬೈಯುತ್ತಾಳೆ, ನಿಮ್ಮ ಏಳು ತಲೆಮಾರನ್ನು ನೆನೆಯುತ್ತಾಳೆ. ಕರಗಬೇಡಿ ಭಾವ. ನನ್ನ ಹಾಗೆ ಕರಗಬೇಡಿ.

ಗಾಳಿರಾಯ

ಮಾರ್ಚ್ 4

ಭಾವಮೈದುನನಿಗೆ,

ನೀನು ಹೇಳಿದಂತೆಯೇ ಮಾಡಿದ್ದೇನೆ. ಬೀಗದ ಕೈ ನನ್ನ ಅಂಗಿಯ ಜೇಬಿನಲ್ಲಿದೆ. ನಿಮ್ಮಕ್ಕ ನನ್ನ ಹೆಸರು ಬದಲಾಯಿಸಿ 'ಜೈಲರ್ ಸಾಹೇಬ್ರು' ಎಂದು ಇಟ್ಟಿದ್ದಾಳೆ. ರಟ್ಟು ಕಟ್ಟಿಸಲು ಬಂದವರ ಎದುರಿಗೂ ಹಾಗೆಯೇ ಕರೆಯುತ್ತಾಳೆ.

ಕಳ್ಳತನಕ್ಕೂ ಇಳಿದಿದ್ದಾಳೆ. ಎದುರಿನ ಸ್ಟೇಷನರಿ ಅಂಗಡಿಯಿಂದ ಪೆಪ್ಪರ್‌ಮಿಂಟು ತಂದು ದಾರದ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು. ಅಂಗಡಿಯವನ ಹತ್ತಿರ ಹೋಗಿ ಇನ್ನು ಕೊಡಬೇಡಿ ಎಂದೆ. "ಅವರು ಮಕ್ಕಳಿಗೆ ಅಂತ ತಗೊಂಡು ಹೋಗ್ತಾರಲ್ಲ ಸಾರ್" ಎಂದ. ನಮಗೆ ಮಕ್ಕಳಿಲ್ಲ ಎಂದು ಅವನಿಗೆ ಹೇಳಲಿಲ್ಲ.

ಅವಳ ವಾದ ಒಂದೇ. "ತಿಂದ್ರೆ ತಲೆ ನೆಟ್ಟಗಾಗುತ್ತೆ ಕಣ್ರೀ. ತಿನ್ನದೇ ಇದ್ರೆ ಒಳಗಡೆ ಯಾರೋ ದೀಪ ಆರಿಸಿದ ಹಾಗಾಗುತ್ತೆ." ಚಟದವರೆಲ್ಲ ಹೀಗೇ ಹೇಳುವುದು ಎಂದು ನಾನು ಬೀಗ ತೆಗೆಯಲಿಲ್ಲ. ನಿನ್ನೆ ಬೆಳಗ್ಗೆ ಸೂಜಿಯನ್ನು ಕೈಯಲ್ಲಿ ಹಿಡಿದುಕೊಂಡು, ಇದು ಏತಕ್ಕೆ ಎಂಬ ಹಾಗೆ ಬಹಳ ಹೊತ್ತು ನೋಡುತ್ತಿದ್ದಳು. ಒಗ್ಗಿಕೊಳ್ಳುವವರೆಗೆ ಹೀಗಿರುತ್ತದೆಯೋ ಏನೋ. ನೀನೇ ಹೇಳಬೇಕು.

ಭಾವ

ಮಾರ್ಚ್ 17

ಜೈಲರ್ ಸಾಹೇಬರಿಗೆ ಸಲಾಮು!

ಒಗ್ಗಿಕೊಳ್ಳುವವರೆಗೆ ಹೀಗೇ ಇರುತ್ತದೆ. ಹೆದರಬೇಡಿ, ಸಡಿಲ ಬಿಡಬೇಡಿ. ನೀವು ಇಷ್ಟು ಗಟ್ಟಿ ಮನಸ್ಸಿನವರು ಎಂದು ನನಗೆ ಗೊತ್ತಿರಲಿಲ್ಲ. ನಮ್ಮಪ್ಪನಿಗೂ ನಿಮ್ಮಂಥವರು ಒಬ್ಬರು ಇದ್ದಿದ್ದರೆ ಎರಡು ಕಾಲಲ್ಲಿ ನಡೆದಾಡಿಕೊಂಡು ಇರುತ್ತಿದ್ದರು.

ಇಲ್ಲಿ ಮೂರು ದಿನದಿಂದ ಮಂಜು. ಉಷ್ಣಮಾಪಕದ ಪೆಟ್ಟಿಗೆಯವರೆಗೆ ಹಗ್ಗ ಹಿಡಿದುಕೊಂಡು ಹೋಗುತ್ತೇವೆ. ಒಂಬತ್ತು ತಿಂಗಳಲ್ಲಿ ಒಂದೂ ಅಳತೆ ತಪ್ಪಿಲ್ಲ ಎಂದು ಮೇಲಿನವರು ಬೆನ್ನು ತಟ್ಟಿ ಬರೆದಿದ್ದಾರೆ. ಅಕ್ಕನಿಗೆ ಓದಿ ಹೇಳಿ, ಉಬ್ಬಿಹೋಗುತ್ತಾಳೆ. ಬೈದರೂ ಪರವಾಗಿಲ್ಲ, ಈ ಸಲ ಒಂದು ಇಡೀ ಹಾಳೆ ಬೈಯಲು ಹೇಳಿ.

ಗಾಳಿರಾಯ

ಏಪ್ರಿಲ್ 2

ಭಾವಮೈದುನನಿಗೆ,

ಹೋದ ಜೀಪಿಗೆ ಕಾಗದ ಹಾಕಲಾಗಲಿಲ್ಲ. ನಿಮ್ಮಕ್ಕ ತಲೆ ಸುತ್ತಿ ಬಿದ್ದಳು. ದೊಡ್ಡಾಸ್ಪತ್ರೆಗೆ ಸೇರಿಸಿದ್ದೇನೆ. ಗಾಬರಿಯಾಗಬೇಡ, ಎದ್ದು ಕೂರುತ್ತಾಳೆ, ಊಟ ಮಾಡುತ್ತಾಳೆ.

ಇದು ನಿಮ್ಮಪ್ಪನ ಕಾಯಿಲೆಯಲ್ಲ. ಹೊಟ್ಟೆಯ ಹಿಂದೆ ಮೇದೋಜ್ಜೀರಕ ಗ್ರಂಥಿ ಎಂದಿದೆಯಂತೆ. ಅದರಲ್ಲಿ ಒಂದು ಗಡ್ಡೆ, ಒಂದೂವರೆ ಸೆಂಟಿಮೀಟರು. ಲಕ್ಷಗಟ್ಟಲೆ ಜನರಲ್ಲಿ ಒಬ್ಬಿಬ್ಬರಿಗೆ ಬರುವಂಥದ್ದು, ಕ್ಯಾನ್ಸರ್ ಅಲ್ಲ ಎಂದರು. ಸರ್ಜನ್ನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. "ಹೊಟ್ಟೆ ಸೀಳೋದಿಲ್ಲ. ನಾಲ್ಕು ಸಣ್ಣ ತೂತು ಹಾಕ್ತೀವಿ, ಒಂದರಲ್ಲಿ ಕ್ಯಾಮೆರಾ. ಸಿಪ್ಪೆಯಿಂದ ಬಟಾಣಿ ಬಿಡಿಸಿದ ಹಾಗೆ ಗಡ್ಡೆ ಒಂದನ್ನೇ ಬಿಡಿಸಿ ತೆಗೀತೀವಿ. ಮೊದಲೆಲ್ಲ ಅರ್ಧ ಗ್ರಂಥಿ, ಜೊತೆಗೆ ಪಕ್ಕದ ಗುಲ್ಮ, ಅಂದ್ರೆ ಸ್ಪ್ಲೀನು, ಎಲ್ಲ ಕತ್ತರಿಸಿ ಹಾಕ್ತಿದ್ರು. ಇವರದ್ದು ರಸದ ನಾಳದಿಂದ ದೂರ ಇದೆ, ಅಂಗ ಪೂರ್ತಿ ಉಳಿಸಬಹುದು" ಎಂದರು. ಕೈಯಾಡಿಸುತ್ತಾ ಮಾತಾಡುವ ಉತ್ಸಾಹದ ಮನುಷ್ಯ. ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಒಳ್ಳೆಯ ಬೈಂಡರನ ಬೆರಳುಗಳು.

ಈ ತಿಂಗಳ ಹದಿನೆಂಟಕ್ಕೆ ಆಪರೇಷನ್ನು. ಅವಳು ಸ್ವಲ್ಪ ಮಂಕಾಗಿದ್ದಾಳೆ. ಗಡ್ಡೆ ಹೋದರೆ ಸರಿಹೋಗುತ್ತಾಳೆ.

ಭಾವ

ಏಪ್ರಿಲ್ 15

ಭಾವನವರಿಗೆ,

ಜೀಪಿನ ಪಕ್ಕ ನಿಂತಲ್ಲೇ ಓದಲು ಶುರು ಮಾಡಿದೆ, ಕೊನೆಗೆ ಬರುವಷ್ಟರಲ್ಲಿ ಉಸಿರು ಬಂತು. ಅಪ್ಪನ ಕಾಯಿಲೆಯಲ್ಲ! ಅಕ್ಕನ ಕಾಲು ಅಕ್ಕನ ಹತ್ತಿರವೇ ಇರುತ್ತದೆ. ಒಂದು ಬಟಾಣಿ ಬಿಡಿಸಿಬಿಟ್ಟರೆ ಮುಗಿಯಿತಲ್ಲ. ನಾಲ್ಕು ತೂತು ಎಂದರೆ ನಿಮಗೆ ಎಷ್ಟರ ಮಾತು, ಒಂದು ಪುಸ್ತಕಕ್ಕೆ ಅದಕ್ಕಿಂತ ಹೆಚ್ಚು ಹಾಕುತ್ತೀರಿ.

ಇಷ್ಟು ದಿನ ಸಕ್ಕರೆ ಬಿಟ್ಟಿದ್ದೂ ಒಳ್ಳೆಯದೇ ಆಯಿತು ಬಿಡಿ, ಮೈ ಇಳಿದಿದ್ದರೆ ಆಪರೇಷನ್ನಿಗೆ ಅನುಕೂಲ.

ರಜೆ ಕೇಳಿದ್ದೇನೆ. ಬದಲಿ ಆಳು ಬರುವುದು ಜೂನಿನಲ್ಲಂತೆ. ಅಷ್ಟರಲ್ಲಿ ಬರಲೇಬೇಕು ಎಂದರೆ ಹೇಳಿ, ಕೆಲಸ ಹೋದರೂ ಇಳಿದು ಬರುತ್ತೇನೆ. ಅಕ್ಕನ ಕೈಯಲ್ಲಿ ಎರಡು ಸಾಲು ಬರೆಸಿ ಕಳಿಸಿ. ಮಂಕಾಗಿದ್ದಾಳೆ ಎಂದಿರಿ, ಅವಳು ಮಂಕಾಗಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ಗಾಳಿರಾಯ

ಏಪ್ರಿಲ್ 29

ಭಾವಮೈದುನನಿಗೆ,

ಆಪರೇಷನ್ನು ಆಯಿತು. ಮೂರು ಗಂಟೆ ಹಿಡಿಯಿತು. ಗಡ್ಡೆ ಬಂತು, ಗ್ರಂಥಿ ಉಳಿಯಿತು, ಗುಲ್ಮ ಉಳಿಯಿತು. ಎರಡು ಲೋಟವೂ ರಕ್ತ ಹೋಗಿಲ್ಲವಂತೆ. ಪಕ್ಕೆಯಲ್ಲಿ ಇಟ್ಟಿದ್ದ ನಳಿಕೆಯನ್ನು ಐದನೇ ದಿನ ತೆಗೆದರು. ಗಾಯಗಳು ನಮ್ಮ ಹೊಲಿಗೆಯ ತೂತಿಗಿಂತ ಸ್ವಲ್ಪ ದೊಡ್ಡವು, ಅಷ್ಟೆ. ಓದುವ ಹುಡುಗರನ್ನು ಕರೆತಂದು ಸರ್ಜನ್ನು ತೋರಿಸಿದರು. "ನೋಡಿ, ಪೂರ್ತಿ ಉಳಿಸಿದ್ದೀವಿ" ಎಂದರು. ಹುಡುಗರು ಬರೆದುಕೊಂಡರು.

ಅವಳು ಕಣ್ಣು ಬಿಡುವಾಗ ನಾನು ಮಂಚದ ಪಕ್ಕದಲ್ಲೇ ಇದ್ದೆ. ಬೆಳಗ್ಗೆಯಿಂದ ನೀರೂ ಕುಡಿಯದೆ ಕಾದಿದ್ದೆ. ಕಣ್ಣು ಬಿಟ್ಟಳು.

ಎರಡು ಸಾಲು ಬರೆಯಲು ಅವಳಿಗೆ ಕೈ ಇನ್ನೂ ಬರುವುದಿಲ್ಲ. ನೀನು ಇಳಿದು ಬರುವುದು ಬೇಡ. ಕೆಲಸ ಬಿಡಬೇಡ.

ಭಾವ

ಮೇ 13

ಭಾವನವರಿಗೆ,

"ಕಣ್ಣು ಬಿಟ್ಟಳು" ಎಂದು ಬರೆದಿದ್ದೀರಿ, ಅದರ ಮುಂದೆ ಏನೂ ಬರೆದಿಲ್ಲ. ಹದಿನಾಲ್ಕು ದಿನ ಆ ಸಾಲಿನ ಮುಂದೆ ಕೂತಿದ್ದೆ.

ಹೋದ ವಾರ ಕೇಂದ್ರದ ತಪಾಸಣೆಗೆ ತಂಡ ಬಂದಿತ್ತು. ಅದರಲ್ಲಿ ಒಬ್ಬ ಡಾಕ್ಟರಮ್ಮ, ನಮ್ಮ ಆರೋಗ್ಯ ನೋಡಲು. ಅಕ್ಕನ ವಿಷಯ ಹೇಳಿದೆ, ಸಂತೋಷದಿಂದಲೇ ಹೇಳಿದೆ. ಬೆವರು, ನಡುಕ, ತೊದಲು ಎಲ್ಲ ಕೇಳಿಸಿಕೊಂಡು ಅವರು ಅಂದರು: "ಓ, ಅದಾ? ಆ ಗಡ್ಡೆ ರಕ್ತದ ಸಕ್ಕರೆನೆಲ್ಲ ಇಳಿಸಿಬಿಡುತ್ತೆ. ಅಂಥವರಿಗೆ ಎರಡು ಗಂಟೆಗೊಮ್ಮೆ ಏನಾದ್ರೂ ಸಿಹಿ ಕೊಡ್ತಾನೇ ಇರ್ಬೇಕು. ಕೊಡ್ತಿದ್ರಲ್ಲ?"

ನಾನು ಹೌದು ಎಂದೆ.

ಭಾವ, ಅಕ್ಕನ ಗಡ್ಡೆ ಆ ಜಾತಿಯದಾ? ಹೌದು ಇಲ್ಲ ಅಷ್ಟು ಬರೆಯಿರಿ. ಅವಳು ಬಿದ್ದಿದ್ದು ಯಾವ ದಿನ? ಬೀಗ ಹಾಕಿದ ಮೇಲಾ?

ನಿಮ್ಮ ಭಾವಮೈದುನ

ಮೇ 28

ಭಾವಮೈದುನನಿಗೆ,

ಹೌದು. ಬೀಗ ಹಾಕಿದ ಮೇಲೆ.

ನಾನು ಹೆಚ್ಚು ಓದಿದವನಲ್ಲ, ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಮಾರ್ಚ್ ಹನ್ನೊಂದು. ಬೆಳಗ್ಗೆ ಬರಿಹೊಟ್ಟೆಯಲ್ಲಿ ನಡೆಸಿಕೊಂಡು ಬಂದೆ. ಅವಳು ಹೊಲಿಗೆ ಚೌಕಟ್ಟಿನ ಮುಂದೆ ಕೂತು, "ರೀ, ಒಂದೇ ಚಮಚ. ಇವತ್ತು ಯಾಕೋ ಬೇರೆ ಥರ ಇದೆ. ಎರಡೆರಡು ಸೂಜಿ ಕಾಣ್ತಿದೆ" ಎಂದಳು. "ಹಾಗಾದ್ರೆ ಒಳ್ಳೇದಾಯ್ತು, ಎರಡಕ್ಕೂ ದಾರ ಪೋಣಿಸು, ಕೆಲಸ ಬೇಗ ಮುಗಿಯುತ್ತೆ" ಎಂದೆ. ಅವಳು ನಗಲಿಲ್ಲ. ಅದು ನಾನು ಅವಳಿಗೆ ಹೇಳಿದ ಕೊನೆಯ ತಮಾಷೆ.

ಶಾಲೆಗೆ ಹಾಜರಿ ಪುಸ್ತಕಗಳನ್ನು ಒಪ್ಪಿಸಿ ಹತ್ತು ಗಂಟೆಗೆ ಬಂದೆ. ಕಾಗದದ ಕಟ್ಟುಗಳ ಮೇಲೆ ಮಲಗಿದ್ದಳು. ರವಿಕೆ ಬೆವರಿಗೆ ಒದ್ದೆಯಾಗಿತ್ತು, ಗೊರಕೆ ಬರುತ್ತಿತ್ತು. ಹಠ ಬಿಟ್ಟಳು, ಒಗ್ಗಿಕೊಂಡಳು, ಪಾಪ ನಿದ್ದೆ ಮಾಡಲಿ ಎಂದುಕೊಂಡು ಫ್ಯಾನನ್ನು ಅವಳ ಕಡೆ ತಿರುಗಿಸಿದೆ. ಅವಳ ಪಕ್ಕದಲ್ಲೇ ಕೂತು ಮಧ್ಯಾಹ್ನ ಎರಡು ಗಂಟೆಯವರೆಗೆ ಕೆಲಸ ಮಾಡಿದೆ. ಹನ್ನೊಂದು ಪುಸ್ತಕಕ್ಕೆ ರಟ್ಟು ಕಟ್ಟಿದೆ. ಸದ್ದಾಗಬಾರದು ಎಂದು ಪುಸ್ತಕ ಒತ್ತುವ ಪ್ರೆಸ್ಸನ್ನು ಮೆಲ್ಲಗೆ ತಿರುಗಿಸಿದೆ. ಮನಸ್ಸಿಗೆ ಬಹಳ ದಿನದ ಮೇಲೆ ನೆಮ್ಮದಿಯಾಗಿತ್ತು. ಊಟಕ್ಕೆ ಎಬ್ಬಿಸಿದರೆ ಏಳಲಿಲ್ಲ.

ಆಸ್ಪತ್ರೆಯಲ್ಲಿ ಸಕ್ಕರೆ ಇಪ್ಪತ್ತೊಂದು ಇತ್ತು, ಎಪ್ಪತ್ತಕ್ಕಿಂತ ಕೆಳಗೆ ಇಳಿಯಬಾರದಂತೆ. ಅಲ್ಲಿನ ಡಾಕ್ಟರು, "ಬೆಳಗ್ಗೆ ಬಾಯಿಗೆ ಒಂಚೂರು ಏನಾದ್ರೂ ಹಾಕಿದ್ದಿದ್ರೆ..." ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

ಆಪರೇಷನ್ನಿಗೆ ಮೊದಲೇ ಸರ್ಜನ್ನು ಹೇಳಿದ್ದರು. "ನನ್ನ ಕೆಲಸ ಗ್ರಂಥಿದು. ತಲೆಗೆ ಆಗಿರೋ ಪೆಟ್ಟು ಆವತ್ತೇ ಆಗಿಹೋಗಿದೆ. ಇನ್ನೊಂದು ಸಲ ಹಾಗಾಗಬಾರದು ಅಂತ ಈಗ ಗಡ್ಡೆ ತೆಗೀತಿರೋದು." ನಾನು ಕೇಳಿಸಿಕೊಳ್ಳಲಿಲ್ಲ. ಗಡ್ಡೆ ತೆಗೆದರೆ ಅವಳು ವಾಪಸು ಬರುತ್ತಾಳೆ ಎಂದೇ ಇದ್ದೆ. ನಿನಗೂ ಹಾಗೆಯೇ ಬರೆದೆ. ನಿನ್ನನ್ನು ಕಾಪಾಡಲು ಸುಳ್ಳು ಬರೆದೆ ಎಂದು ತಿಳಿಯಬೇಡ. ಬರೆದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಈಗ ಅವಳು ನಡೆಯುತ್ತಾಳೆ, ಊಟ ಮಾಡುತ್ತಾಳೆ, ಕಾಗದ ಕೊಟ್ಟರೆ ಮಡಿಸುತ್ತಾಳೆ. ಹತ್ತು ನಿಮಿಷದ ಹಿಂದಿನದು ನೆನಪಿರುವುದಿಲ್ಲ, ಹತ್ತು ವರ್ಷದ ಹಿಂದಿನದೂ ಇಲ್ಲ. ನನ್ನನ್ನು "ಅಣ್ಣಾ" ಎನ್ನುತ್ತಾಳೆ. ಮೊದಲ ಸಲ ಕರೆದಾಗ ನರ್ಸು ಮುಖ ಆಚೆ ತಿರುಗಿಸಿಕೊಂಡಳು. ನಾನು "ಏನಮ್ಮಾ" ಎಂದೆ. ಬೇರೆ ಏನು ಹೇಳುವುದು?

ಪತ್ರ ನಿನ್ನದು, ಕೈ ನನ್ನದು. ಅವಳು ನನ್ನ ಎದುರಿಗೆ ಕೂತು ಕೇಳಿದ್ದಳು, ನೀನು ಅವಳ ಮುಖ ನೋಡಿರಲಿಲ್ಲ. ಇಬ್ಬರಲ್ಲಿ ಯಾರ ತಪ್ಪು ಹೆಚ್ಚು ಎಂದು ನಾನು ತೂಗಿ ನೋಡಿದ್ದೇನೆ, ಅದಕ್ಕೇ ನಿನಗೆ ಹೇಳುತ್ತಿದ್ದೇನೆ. ಬದಲಿ ಆಳು ಬಂದರೆ ಬಾ.

ಭಾವ

ಜೂನ್ 24

ಭಾವನವರಿಗೆ,

ಒಂದು ಜೀಪು ಬರಿಗೈಯಲ್ಲಿ ಕೆಳಗೆ ಹೋಯಿತು. ಬರೆಯಲಾಗಲಿಲ್ಲ.

ಬದಲಿ ಆಳು ಬಂದ. ರಜೆಯೂ ಮಂಜೂರಾಯಿತು. ಪೆಟ್ಟಿಗೆ ಕಟ್ಟಿ ಜೀಪಿನ ಹತ್ತಿರದವರೆಗೆ ಹೋದೆ. ಡ್ರೈವರು, "ಹತ್ತಿ ಸಾರ್, ಮಂಜು ಇಳಿಯೋದ್ರೊಳಗೆ ಹೋಗ್ಬೇಕು" ಎಂದ. ಹತ್ತಲಿಲ್ಲ. ಯಾವ ಮುಖ ಹೊತ್ತು ಬರಲಿ? ಅವಳು ನನ್ನ ಗುರುತು ಹಿಡಿಯುವುದಿಲ್ಲ ಎನ್ನುವುದಕ್ಕೆ ಹೆದರಿದೆನೋ, ಗುರುತು ಹಿಡಿಯದೆ ಇದ್ದರೆ ಒಳಗೊಳಗೇ ಹಗುರವಾಗಿಬಿಡುತ್ತೇನೆ ಎಂದು ಹೆದರಿದೆನೋ ಗೊತ್ತಿಲ್ಲ. ಬದಲಿ ಆಳನ್ನೇ ವಾಪಸು ಕಳಿಸಿ ಇನ್ನೊಂದು ವರ್ಷ ಇಲ್ಲೇ ಇರುತ್ತೇನೆ ಎಂದು ಬರೆದುಕೊಟ್ಟೆ.

ಕರಗಬೇಡಿ ಎಂದು ನಿಮಗೆ ಎರಡೆರಡು ಸಲ ಬರೆದಿದ್ದೆ. ಅಪ್ಪನಿಗೆ ಕೊಟ್ಟು ಕೊಂದೆ, ಅಕ್ಕನಿಗೆ ಕೊಡಿಸದೆ.

ಇದರ ಜೊತೆ ಅವಳಿಗೆ ಒಂದು ಹಾಳೆ ಇದೆ. ಅರ್ಥವಾಗದಿದ್ದರೂ ಸರಿ, ಒಂದು ಸಲ ಓದಿ ಹೇಳಿ. ಅವಳು ಏನು ಅಂದರೂ ಅದನ್ನು ಹಾಗೆಯೇ ಬರೆಯಿರಿ.

ನಿಮ್ಮ ಭಾವಮೈದುನ

ಅಕ್ಕಾ, ಸಕ್ಕರೆಗೆ ಬೀಗ ಹಾಕಿಸಿದವನು ನಾನು. ಭಾವ ಅಲ್ಲ. ನಿನ್ನ ಮೈಯಲ್ಲಿ ಏನಾಗುತ್ತಿದೆ ಎಂದು ನೀನು ಸರಿಯಾಗಿ ಹೇಳುತ್ತಿದ್ದೆ, ಇಲ್ಲಿ ಬೆಟ್ಟದ ಮೇಲೆ ಕೂತು ನಾನೇ ನಂಬಲಿಲ್ಲ. ನೀನು ಬೈದರೆ ಸಾಕು. ಏನಾದರೂ ಅನ್ನು. — ತಮ್ಮ

ಜುಲೈ 8

ಭಾವಮೈದುನನಿಗೆ,

ನಿನ್ನ ಹಾಳೆ ಓದಿ ಹೇಳಿದೆ. ಬೆಳಗ್ಗೆ ತಿಂಡಿ ಆದ ಮೇಲೆ, ಬೈಂಡಿಂಗ್ ಕೋಣೆಯ ಬಾಗಿಲ ಹತ್ತಿರ ಬಿಸಿಲು ಬರುವ ಕಡೆ ಕೂರಿಸಿಕೊಂಡು ಓದಿದೆ. ಅವಳಿಗೆ ಈಗ ಬೆವರಿಲ್ಲ, ನಡುಕವಿಲ್ಲ. ಮೊನ್ನೆ ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ಗ್ರಂಥಿ ಚೆನ್ನಾಗಿ ಕೆಲಸ ಮಾಡುತ್ತಿದೆ, ಇನ್ನು ಬರುವುದೇ ಬೇಡ ಎಂದರು. ತೂತಿನ ಗುರುತುಗಳನ್ನು ಹುಡುಕಿದರೂ ಸಿಗುವುದಿಲ್ಲ.

ಕೈಕಟ್ಟಿಕೊಂಡು ಕೇಳಿದಳು. ಮುಗಿದ ಮೇಲೆ, "ಪಾಪ, ಯಾರು ಅಣ್ಣಾ ಇದು ಬರೆದಿರೋದು?" ಎಂದಳು.

"ಒಬ್ಬ ತಮ್ಮ."

"ಯಾರಿಗೆ?"

"ಅವನ ಅಕ್ಕನಿಗೆ."

ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅಂಚಿಗೆ ಅಂಚು ಸೇರಿಸಿ ಮಡಿಸಿ, ಮಡಿಕೆಯ ಮೇಲೆ ಉಗುರು ಎಳೆದಳು. ನನಗೇ ವಾಪಸು ಕೊಟ್ಟಳು.

"ಅವರು ಮನೇಲಿಲ್ಲ ಅಣ್ಣಾ. ಬಂದ ಮೇಲೆ ಕೊಡಿ."

ಕೇಳಬಾರದಿತ್ತು, ಕೇಳಿಬಿಟ್ಟೆ. "ಯಾವಾಗ ಬರ್ತಾರೆ?"

"ನಂಗೇನು ಗೊತ್ತು? ಹೇಳಿ ಹೋಗಿಲ್ಲ" ಎಂದಳು. ಸ್ವಲ್ಪ ಹೊತ್ತಿಗೆ, ನಾನು ಯಾಕೆ ಅಳುತ್ತಿದ್ದೇನೆ ಎಂದು ಕೇಳಿದಳು. ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ಮರೆತಿದ್ದಳು.

ಅವಳು ಏನು ಅಂದರೂ ಹಾಗೆಯೇ ಬರೆಯಿರಿ ಎಂದು ನೀನು ಕೇಳಿದ್ದೆ, ಬರೆದಿದ್ದೇನೆ. ಅವಳ ಪರವಾಗಿ ನಾನೇ ಕ್ಷಮಿಸಿದೆ ಎಂದು ಒಂದು ಸಾಲು ಸೇರಿಸಬಹುದಿತ್ತು. ನಿನಗೆ ಅದರಿಂದ ನಿದ್ದೆ ಬರುತ್ತಿತ್ತೇನೋ. ಆದರೆ ಅದನ್ನೇ ಕೇಳಲು ನಾನೂ ಅವಳ ಬಾಗಿಲಲ್ಲಿ ನಿಂತಿದ್ದೇನೆ, ನಿನಗಿಂತ ಒಂದು ಹೆಜ್ಜೆ ಮುಂದೆ. ಒಳಗೆ ಯಾರೂ ಇಲ್ಲ.

ನಿನ್ನ ಹಾಳೆಯನ್ನು ಅವಳು ಮಡಿಸಿದ ಹಾಗೆಯೇ ಇದರೊಳಗೆ ಇಟ್ಟು ವಾಪಸು ಕಳಿಸುತ್ತಿದ್ದೇನೆ.

ಭಾವ